ಕಿಟ್ ಕೊಡಿ, ಮುಖ ಕೇಳಬೇಡಿ

ಆಹಾರದ ಕಿಟ್ ಹಂಚುವ ಸಂಸ್ಥೆಯೊಂದರಲ್ಲಿ ಪ್ರಚಾರದ ಕೆಲಸ ನನ್ನದಾಗಿತ್ತು. 2019ರ ಆಗಸ್ಟ್‌ನಲ್ಲಿ ತಾಮ್ರಪರ್ಣಿ ನದಿ ಉಕ್ಕಿ ಕೊಲ್ಹಾಪುರ ಜಿಲ್ಲೆಯ ಕೋವಾಡ ಪೇಟೆಗೆ ನುಗ್ಗಿತ್ತು. ನೀರಿಳಿದ ಮೇಲೆ ನಾವು ಬೆಳಗಾವಿ ದಾರಿಯಾಗಿ ಅಕ್ಕಿ, ಬೇಳೆ, ಎಣ್ಣೆ ಒಯ್ದೆವು. ಕಿಟ್ ಪಡೆದ ತಾಯಿಯೊಬ್ಬರಿಗೆ ನಾನು ಮೊಬೈಲ್ ಹಿಡಿದು “ಇತ್ತ ನೋಡಿ” ಎಂದೆ. ಅವರು ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಂಗಡಿ ಇಟ್ಟಿದ್ದ ಮನೆಯವರಂತೆ. ವಾರದ ಹಿಂದೆ ಅವರದೂ ಕೊಡುವ ಕೈಯೇ.

“ಫೋಟೊ ಇಲ್ಲದಿದ್ದರೆ ದಾನಿಗಳು ನಂಬುವುದಿಲ್ಲ” ಎನ್ನುತ್ತಾರೆ. ನಾನೂ ಹಾಗೆಯೇ ಹೇಳುತ್ತಿದ್ದೆ. ಅದು ಬರೀ ನೆಪ. ಒಂದು ಫೋಟೊ ಒಂದು ಕಿಟ್ ತಲುಪಿದ್ದನ್ನು ತೋರಿಸುತ್ತದೆ, ನೂರು ತಲುಪಿದ್ದನ್ನಲ್ಲ. ನಂಬಿಕೆ ಬರುವುದು ಲೆಕ್ಕದಿಂದ: ಬಂದ ಹಣವೆಷ್ಟು, ಕೊಂಡ ಅಕ್ಕಿ ಎಷ್ಟು ಕ್ವಿಂಟಾಲ್, ಯಾವ ದರಕ್ಕೆ, ಉಳಿದದ್ದೆಷ್ಟು? ಬಿಲ್ಲಿನ ಫೋಟೊ ಹಾಕಿ, ಅಕ್ಕಿ ಮೂಟೆಯ ಫೋಟೊ ಹಾಕಿ. ಮೂಟೆಗೆ ಮಾನ ಹೋಗುವುದಿಲ್ಲ.

ಸೂರಃ ಅಲ್ ಬಕರದ 271ನೇ ವಚನ ಬಹಿರಂಗ ದಾನವನ್ನೂ ಒಳ್ಳೆಯದೆನ್ನುತ್ತದೆ; ಬಡವರಿಗೆ ಗುಟ್ಟಾಗಿ ಕೊಡುವುದು ಇನ್ನೂ ಉತ್ತಮ ಎನ್ನುತ್ತದೆ. ಹಾಗಾದರೆ ಲೆಕ್ಕ ಬಹಿರಂಗವಾಗಲಿ, ಪಡೆದವರ ಮುಖ ಗುಟ್ಟಾಗಿರಲಿ.

ಮುಂದಿನ ರಮಝಾನ್‌ನಲ್ಲಿ ಜಮಾಅತ್‌ನವರು ಕಿಟ್ ಹಂಚಲು ಬ್ಯಾನರ್ ಕಟ್ಟುವ ಮುನ್ನ ಒಂದನ್ನು ಕೇಳಿಕೊಳ್ಳಲಿ: ಆ ಸಾಲಿನಲ್ಲಿ ನಿಂತವರು ನಮ್ಮ ಉಮ್ಮ ಆಗಿದ್ದರೆ, ಈ ಫೋಟೊವನ್ನು ಸ್ಟೇಟಸ್‌ಗೆ ಹಾಕುತ್ತಿದ್ದೆವೇ?