ರೋಗಿಯ ಗುಟ್ಟು ಮತ್ತು ಹತ್ತು ಅಂಕಿಗಳು

ಔಷಧ ಅಂಗಡಿಯ ಮುಂದೆ ನಿಂತು ವೈದ್ಯರ ಚೀಟಿಯನ್ನು ಚಾಚಿದರೆ ಇಂದಿನ ದಿನಮಾನಗಳಲ್ಲಿ ಮೊದಲು ಕೇಳಿಬರುವುದು ಔಷಧದ ಮಾತಲ್ಲ, ‘ಮೊಬೈಲ್ ನಂಬರ್ ಹೇಳ್ರಿ’ ಎಂಬ ಮಾತು. ಹತ್ತು ಅಂಕಿಗಳನ್ನು ನಾವು ಯೋಚಿಸದೆ ಒಪ್ಪಿಸುತ್ತೇವೆ. ಗಣಕಯಂತ್ರದ ಪರದೆಯ ಮೇಲೆ ನಮ್ಮ ಹೆಸರು ಮೂಡುತ್ತದೆ, ಬಿಲ್ಲು ಬರುತ್ತದೆ, ಮನೆಗೆ ಮರಳುತ್ತೇವೆ. ಆಹಾರ, ವ್ಯಾಯಾಮ, ನಿದ್ರೆಗಳ ವಿಚಾರವನ್ನು ಓದಲು ಈ ಪುಟವನ್ನು ತೆರೆಯುವ ಬಂಧುಗಳು, ಇಷ್ಟು ಸಣ್ಣ ಸಂಗತಿಗೂ ಆರೋಗ್ಯಕ್ಕೂ ಏನು ಸಂಬಂಧವೆಂದು ಕೇಳಬಹುದು. ಆ ಹತ್ತು ಅಂಕಿಗಳ ಕಾರಣದಿಂದ ಒಂದು ಜೀವ ಚಿಕಿತ್ಸೆಯನ್ನೇ ತೊರೆದುದನ್ನು ನಾನು ಕಂಡಿದ್ದೇನೆ; ಆದುದರಿಂದಲೇ ಈ ಬರಹ.

ನಾನು ತಾಲ್ಲೂಕು ಆಸ್ಪತ್ರೆಗಳಲ್ಲಿ ಬಹುಕಾಲ ವೈದ್ಯನಾಗಿದ್ದು ನಿವೃತ್ತನಾದವನು. ನಿವೃತ್ತಿಗೆ ಕೆಲವು ವರ್ಷಗಳ ಮುಂಚೆ ಹಳ್ಳಿಯ ತಾಯಿಯೊಬ್ಬರು ತಮ್ಮ ಮಗಳನ್ನು ಕರೆತಂದರು. ಇಪ್ಪತ್ತೆರಡರ ವಯಸ್ಸು. ನಿದ್ರೆಯಿಲ್ಲ, ಯಾರೋ ತನ್ನನ್ನೇ ಕುರಿತು ಮಾತನಾಡುತ್ತಿದ್ದಾರೆಂಬ ಶಂಕೆ, ಊಟದ ಮೇಲೆ ಮನಸ್ಸಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ ಮಾತ್ರೆಗಳನ್ನು ಆರಂಭಿಸಿದೆವು. ಎರಡು ತಿಂಗಳಲ್ಲಿ ಹುಡುಗಿ ಹೊಲಿಗೆಯ ಯಂತ್ರದ ಮುಂದೆ ಕುಳಿತು ರವಿಕೆ ಹೊಲಿಯುವಷ್ಟು ಸುಧಾರಿಸಿದಳು. ಆಸ್ಪತ್ರೆಯಲ್ಲಿ ಮಾತ್ರೆಯ ದಾಸ್ತಾನು ಮುಗಿದಾಗ ತಾಯಿ ಹೊರಗಿನ ಅಂಗಡಿಯಲ್ಲಿ ಕೊಂಡರು. ಆಕೆಯ ಬಳಿ ಫೋನಿರಲಿಲ್ಲ. ಅಂಗಡಿಯವರು ಸಂಖ್ಯೆ ಕೇಳಿದಾಗ ಬಾಯಿಪಾಠವಾಗಿದ್ದ ಏಕೈಕ ಸಂಖ್ಯೆಯನ್ನು, ಮೈದುನನ ಮಗನದನ್ನು, ಹೇಳಿದರು. ಬಿಲ್ಲು ಆ ಹುಡುಗನ ವಾಟ್ಸ್‌ಆ್ಯಪ್‌ಗೆ ಹೋಯಿತು. ಅದರಲ್ಲಿ ಹುಡುಗಿಯ ಹೆಸರಿತ್ತು, ಮಾತ್ರೆಯ ಹೆಸರಿತ್ತು. ಮಾತ್ರೆಯ ಹೆಸರನ್ನು ಫೋನಿನಲ್ಲಿ ಹುಡುಕಿದರೆ ಅದು ಯಾವ ರೋಗಕ್ಕೆಂದು ಅರೆಕ್ಷಣದಲ್ಲಿ ತಿಳಿಯುತ್ತದೆ. ಆ ಹೊತ್ತಿಗೆ ಹುಡುಗಿಗೆ ಒಂದು ಸಂಬಂಧದ ಮಾತುಕತೆ ನಡೆದಿತ್ತು.

ಮುಂದಿನ ತಿಂಗಳು ತಾಯಿ ಒಬ್ಬರೇ ಬಂದರು. ‘ಸಾಹೇಬ್ರ, ಮಾತ್ರಿ ಇನ್ನ ಸಾಕ್ರಿ. ಮನಿ ಮಾತು ಊರ ಬಾಯಿಗೆ ಬಿತ್ತು’ ಎಂದಷ್ಟೇ ಹೇಳಿ ಎದ್ದು ಹೋದರು. ನಾನು ಹೇಳಿದ ಯಾವ ಸಮಾಧಾನವೂ ಅವರಿಗೆ ತಾಗಲಿಲ್ಲ. ಆರು ತಿಂಗಳ ಅನಂತರ ಹುಡುಗಿಯನ್ನು ಮೊದಲಿಗಿಂತ ಕೆಟ್ಟ ಸ್ಥಿತಿಯಲ್ಲಿ ಹೊತ್ತು ತಂದರು.

ಅಂಗಡಿಯವರು ದುರುದ್ದೇಶದಿಂದ ಏನನ್ನೂ ಮಾಡಿರಲಿಲ್ಲ. ಆ ಹುಡುಗನೂ ದುಷ್ಟನಲ್ಲ. ತಂತ್ರಾಂಶವು ಸಂಖ್ಯೆಯನ್ನು ಕೇಳಿತು, ಸಂಖ್ಯೆ ಸಿಕ್ಕಿತು, ಬಿಲ್ಲು ತಾನಾಗಿಯೇ ಹೋಯಿತು. ರೋಗಿಯ ಗೌಪ್ಯವೆಂಬುದು ಚಿಕಿತ್ಸೆಯ ಹೊರಗಿನ ಒಂದು ಸೌಜನ್ಯವಲ್ಲ, ಚಿಕಿತ್ಸೆಯದೇ ಒಂದು ಅಂಗ ಎಂಬುದು ನನಗೆ ಮನದಟ್ಟಾದದ್ದು ಅಂದು. ಗುಟ್ಟು ಉಳಿಯುವುದೆಂಬ ನಂಬಿಕೆ ಇಲ್ಲದಲ್ಲಿ ಕ್ಷಯದವನು ಕೆಮ್ಮನ್ನು ಮುಚ್ಚಿಡುತ್ತಾನೆ, ಹೆಣ್ಣುಮಕ್ಕಳು ಬಿಳಿಸೆರಗಿನ ತೊಂದರೆಯನ್ನು ವರ್ಷಗಟ್ಟಲೆ ನುಂಗಿಕೊಳ್ಳುತ್ತಾರೆ, ಕುಡಿತವನ್ನು ಬಿಡಬೇಕೆಂದಿರುವವನು ವೈದ್ಯರ ಬಾಗಿಲಿನಿಂದಲೇ ಹಿಂದಿರುಗುತ್ತಾನೆ. ನಮ್ಮ ಶಾಸನಗಳು ಇದನ್ನು ಅರಿಯದೆ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಗೌಪ್ಯವನ್ನು ರೋಗಿಯ ಹಕ್ಕೆಂದು ಹೇಳುತ್ತದೆ. ಅದೇ ವರ್ಷದ ಎಚ್‌ಐವಿ ಕಾಯ್ದೆಯು ಸೋಂಕಿತರ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ಆದರೆ ವೈದ್ಯನ ಬಾಯಿಗೆ ಹಾಕಿದ ಬೀಗ ಬಿಲ್ಲಿನ ಯಂತ್ರಕ್ಕೆ ಇನ್ನೂ ಬಿದ್ದಿಲ್ಲ.

ಹಾಗಾದರೆ ಅಂಗಡಿಯವರು ಸಂಖ್ಯೆಯನ್ನು ಕೇಳುವುದು ಕಾನೂನಿನ ಒತ್ತಾಯದಿಂದಲೇ? ನಿದ್ರೆಮಾತ್ರೆ, ಕೆಲವು ಪ್ರಬಲ ಪ್ರತಿಜೀವಕಗಳು ಮೊದಲಾದ ‘ಎಚ್-1’ ಅನುಸೂಚಿಯ ಔಷಧಗಳಿಗೆ ಪ್ರತ್ಯೇಕ ವಹಿ ಇಡಬೇಕೆಂಬ ನಿಯಮವಿದೆ. ಅದರಲ್ಲಿ ಬರೆಯಬೇಕಾದುದು ಚೀಟಿ ಬರೆದ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಅದರ ಪ್ರಮಾಣ. ಮೊಬೈಲ್ ಸಂಖ್ಯೆ ಅಲ್ಲ. ಬಿಲ್ಲು ಕೊಡಲು ಗ್ರಾಹಕರ ಸಂಖ್ಯೆಗೆ ಪಟ್ಟುಹಿಡಿಯಬಾರದು, ಅದು ಅನುಚಿತ ವ್ಯಾಪಾರ ಪದ್ಧತಿ ಎಂದು ಕೇಂದ್ರ ಗ್ರಾಹಕ ವ್ಯವಹಾರ ಸಚಿವಾಲಯವು 2023ರ ಮೇ ತಿಂಗಳಿನಲ್ಲಿಯೇ ಚಿಲ್ಲರೆ ವ್ಯಾಪಾರಿಗಳಿಗೆ ತಿಳಿಸಿದೆ. ಸಂಖ್ಯೆಯನ್ನು ಕೇಳುವುದು ವ್ಯಾಪಾರದ ಅನುಕೂಲಕ್ಕಾಗಿ. ಮಾತ್ರೆ ಮುಗಿಯುವ ದಿನಕ್ಕೆ ಸರಿಯಾಗಿ ನೆನಪೋಲೆ ಕಳುಹಿಸಲು, ರಿಯಾಯಿತಿಯ ಅಂಕಗಳನ್ನು ಜಮಾ ಮಾಡಲು. ಮರೆವಿನ ವೃದ್ಧರಿಗೆ ಆ ನೆನಪೋಲೆ ಉಪಕಾರವೇ ಸರಿ. ಆದರೆ ಉಪಕಾರವನ್ನು ಬೇಕೇ ಎಂದು ಕೇಳಿ ಮಾಡಬೇಕು.

ಒಂದು ಅಂಗಡಿಯ ಬಿಲ್ಲು ಒಂದು ಅಂಗಡಿಯಲ್ಲಿಯೇ ಉಳಿದಿದ್ದರೆ ಇಷ್ಟು ಚಿಂತಿಸಬೇಕಾಗಿರಲಿಲ್ಲ. ಔಷಧ ಅಂಗಡಿ, ರಕ್ತಪರೀಕ್ಷೆಯ ಪ್ರಯೋಗಾಲಯ, ವಿಮೆ, ಕೈಗಡಿಯಾರದ ಆ್ಯಪ್ ಎಲ್ಲದಕ್ಕೂ ನಾವು ಕೊಡುವುದು ಒಂದೇ ಸಂಖ್ಯೆಯನ್ನು. ಹೆಸರು ಇಬ್ಬರಿಗೆ ಒಂದೇ ಇರಬಹುದು, ಸಂಖ್ಯೆ ಹಾಗಲ್ಲ. ಬೇರೆ ಬೇರೆ ಕಡೆ ಚೆಲ್ಲಿದ ಬಿಡಿ ಮಾಹಿತಿಯನ್ನು ಪೋಣಿಸುವ ದಾರ ಅದು. ಅಮೆರಿಕದಲ್ಲಿ ಔಷಧಗಳಿಗೆ ರಿಯಾಯಿತಿ ಕೂಪನ್ ಕೊಡುವ ಗುಡ್‌ಆರ್‌ಎಕ್ಸ್ ಎಂಬ ಸಂಸ್ಥೆಯು ಬಳಕೆದಾರರ ಆರೋಗ್ಯ ಮಾಹಿತಿಯನ್ನು ಅವರಿಗೆ ತಿಳಿಸದೆ ಫೇಸ್‌ಬುಕ್, ಗೂಗಲ್ ಮುಂತಾದವುಗಳೊಡನೆ ಹಂಚಿಕೊಂಡಿತೆಂದು ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ 2023ರ ಫೆಬ್ರವರಿಯಲ್ಲಿ ದೂರಿತು. ಸಂಸ್ಥೆ 15 ಲಕ್ಷ ಡಾಲರ್ ದಂಡಕ್ಕೆ ಒಪ್ಪಿತು. ಅದಕ್ಕೂ ಮುಂಚೆ, 2021ರಲ್ಲಿ, ಹೆಣ್ಣುಮಕ್ಕಳ ಮುಟ್ಟಿನ ದಿನಗಳನ್ನು ಲೆಕ್ಕವಿಡುವ ಫ್ಲೋ ಎಂಬ ಆ್ಯಪ್‌ನ ಮೇಲೆ ಅದೇ ಆಯೋಗವು ಇಂಥದೇ ಆರೋಪ ಹೊರಿಸಿ ರಾಜಿಗೆ ತಂದಿತು. ತಾಯಿಗೂ ಹೇಳಲು ನಾಚುವ ಸಂಗತಿಯನ್ನು ಮಗಳು ಆ್ಯಪ್‌ಗೆ ಹೇಳುತ್ತಿದ್ದಾಳೆ. ಆ್ಯಪ್ ಅದನ್ನು ಯಾರಿಗೆ ಹೇಳುತ್ತದೆ ಎಂದು ಕೇಳುವವರು ಮನೆಯಲ್ಲಿ ಒಬ್ಬರಾದರೂ ಇರಬೇಕಲ್ಲವೇ?

ಖಾಸಗಿತನವು ಪಟ್ಟಣಿಗರ, ಇಂಗ್ಲಿಷ್ ಬಲ್ಲವರ ಚಿಂತೆ ಎನ್ನುವವರಿದ್ದಾರೆ. ಆದರೆ ಖಾಸಗಿತನವು ಸಂವಿಧಾನದತ್ತ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದ ಮೊಕದ್ದಮೆಯು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿದೆ. 2012ರಲ್ಲಿ ಅರ್ಜಿ ಹಾಕಿದಾಗ ಅವರು ಎಂಬತ್ತು ದಾಟಿದ ವೃದ್ಧರು. ಆ ವಯಸ್ಸಿನ ಹಿರಿಯರೊಬ್ಬರು ಕಂಡ ಅಪಾಯವನ್ನು ನಮ್ಮ ಹದಿಹರೆಯದ ಮಕ್ಕಳು ಕಾಣುತ್ತಿಲ್ಲ.

ಆ ತೀರ್ಪಿನ ಬೆನ್ನಿಗೆ, ಆರು ವರ್ಷ ತಡವಾಗಿ, 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಒಪ್ಪಿಗೆಗೆ ಸಂಬಂಧಿಸಿದ ಮುಖ್ಯ ಹೊಣೆಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಗಡುವು. ಕಾಯ್ದೆಯಲ್ಲಿ ಮೆಚ್ಚತಕ್ಕ ಅಂಶಗಳಿವೆ. ಒಪ್ಪಿಗೆಯನ್ನು ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕು ಎನ್ನುತ್ತದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ, ಎಂದರೆ ಕನ್ನಡದಲ್ಲಿಯೂ, ಓದುವ ಅವಕಾಶವಿರಬೇಕು ಎನ್ನುತ್ತದೆ. ಕಾಯ್ದೆಯೊಳಗೇ ಕೊಟ್ಟಿರುವ ಒಂದು ಉದಾಹರಣೆಯಂತೂ ಆರೋಗ್ಯದ್ದೇ. ದೂರವಾಣಿ ಮೂಲಕ ವೈದ್ಯರ ಸಲಹೆ ಒದಗಿಸುವ ಆ್ಯಪ್ ಒಂದು ರೋಗಿಯ ಫೋನಿನಲ್ಲಿರುವ ಎಲ್ಲ ಸಂಪರ್ಕ ಸಂಖ್ಯೆಗಳಿಗೂ ಒಪ್ಪಿಗೆ ಕೇಳುತ್ತದೆ, ಆಕೆ ಒಪ್ಪಿಯೂ ಬಿಡುತ್ತಾಳೆ. ಆದರೂ ಸಲಹೆ ನೀಡಲು ಆ ಸಂಖ್ಯೆಗಳ ಅಗತ್ಯವಿಲ್ಲದ ಕಾರಣ ಆಕೆಯ ಒಪ್ಪಿಗೆ ಚಿಕಿತ್ಸೆಯ ಮಾಹಿತಿಗಷ್ಟೇ ಸೀಮಿತ ಎಂದು ಕಾಯ್ದೆ ಹೇಳುತ್ತದೆ. ಆತುರದಲ್ಲಿ ಒತ್ತಿದ ಗುಂಡಿ ಎಲ್ಲಕ್ಕೂ ಪರವಾನಗಿಯಲ್ಲ ಎಂಬ ಈ ತತ್ವ ದೊಡ್ಡದು.

ಆದರೆ ನನ್ನ ಆಕ್ಷೇಪವನ್ನೂ ಹೇಳಬೇಕು. 2011ರ ಹಳೆಯ ನಿಯಮಗಳು ರೋಗಿಯ ದೈಹಿಕ, ಮಾನಸಿಕ ಸ್ಥಿತಿಯನ್ನೂ ವೈದ್ಯಕೀಯ ದಾಖಲೆಯನ್ನೂ ‘ಸೂಕ್ಷ್ಮ’ ಮಾಹಿತಿಯೆಂದು ಬೇರೆಯಾಗಿ ಎಣಿಸಿದ್ದವು. ಹೊಸ ಕಾಯ್ದೆ ಆ ಭೇದವನ್ನು ಕೈಬಿಟ್ಟಿದೆ. ಚಪ್ಪಲಿಯ ಅಳತೆಗೂ ಗರ್ಭಪಾತದ ದಾಖಲೆಗೂ ಅದರ ಕಣ್ಣಿಗೆ ವ್ಯತ್ಯಾಸವಿಲ್ಲ. ತಪ್ಪಿದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು, ನಿಜ. ಆ ಹಣ ಸರ್ಕಾರದ ಖಜಾನೆಗೆ. ಗುಟ್ಟು ಬಯಲಾಗಿ ನೊಂದವಳಿಗೆ ಪರಿಹಾರ ಕೊಡಿಸುವ ಮಾತು ಅದರಲ್ಲಿಲ್ಲ. ಹಳೆಯ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿದ್ದ ಪರಿಹಾರದ ಕಲಮನ್ನೂ ಇದು ತೆಗೆದುಹಾಕುತ್ತದೆ. ನಾನು ಮೇಲೆ ಹೇಳಿದ ತಾಯಿ ಇಂದು ದೂರು ಕೊಟ್ಟರೂ ಆಕೆಯ ಕೈಗೆ ಸಿಗುವುದೇನು?

ಇನ್ನು ಆಭಾ ಸಂಖ್ಯೆಯ ವಿಚಾರ. 2021ರ ಸೆಪ್ಟೆಂಬರ್‌ನಲ್ಲಿ ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ನೀಡುವ ಹದಿನಾಲ್ಕು ಅಂಕಿಗಳ ಈ ಸಂಖ್ಯೆಯನ್ನು ನಮ್ಮ ಜನ ಚಿಕಿತ್ಸಾವೆಚ್ಚ ಭರಿಸುವ ಆಯುಷ್ಮಾನ್ ಕಾರ್ಡಿನೊಡನೆ ಬೆರೆಸಿಕೊಂಡಿದ್ದಾರೆ. ಎರಡೂ ಬೇರೆ. ಒಂದು ಹಣದ ನೆರವಿಗೆ, ಇನ್ನೊಂದು ದಾಖಲೆಗಳನ್ನು ಜೋಡಿಸಲು. ಈ ಜೋಡಣೆಯ ವಿರೋಧಿ ನಾನಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಹತ್ತು ವರ್ಷಗಳ ವರದಿಗಳನ್ನು ತುರುಕಿಕೊಂಡು ಬಂದು, ಬೇಕಾದ ಒಂದೇ ಕಾಗದ ಸಿಗದೆ ಕಣ್ಣೀರಿಟ್ಟ ಅಜ್ಜಂದಿರನ್ನು ಕಂಡವನು. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಯೂಆರ್ ಚೌಕವನ್ನು ತೋರಿಸಿ ಹೊರರೋಗಿ ಚೀಟಿ ಪಡೆದರೆ ಸರದಿಯ ಸಮಯ ಉಳಿಯುತ್ತದೆ. ಆದರೆ ಇದು ಐಚ್ಛಿಕವಾದುದು. ಅದು ಇಲ್ಲವೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. ಯಾವ ದಾಖಲೆಯನ್ನು ಯಾರಿಗೆ ಎಷ್ಟು ಕಾಲ ತೋರಿಸಬೇಕೆಂದು ನಿರ್ಧರಿಸುವವನು ರೋಗಿ. ಈ ವ್ಯವಸ್ಥೆಯ ಕಷ್ಟವಿರುವುದು ಕಾಗದದ ಮೇಲಲ್ಲ, ಹಳ್ಳಿಯ ಮನೆಯಲ್ಲಿ. ಮನೆಗೆ ಒಂದೇ ಫೋನು, ಅದು ಮಗನ ಜೇಬಿನಲ್ಲಿ. ಒ.ಟಿ.ಪಿ. ಬರುವುದು ಅವನಿಗೆ. ಸೊಸೆಯ ಒಪ್ಪಿಗೆಯನ್ನು ಗಂಡನೋ ಮಾವನೋ ಕೊಡುತ್ತಾರೆ. ಆಶಾ ಕಾರ್ಯಕರ್ತೆಯರೂ ದಾದಿಯರೂ ನೋಂದಣಿಯ ಗುರಿ ಮುಟ್ಟುವ ಅವಸರದಲ್ಲಿ ‘ಅಮ್ಮಾ, ನಂಬರ್ ಹೇಳ್ರಿ’ ಎನ್ನುವುದಕ್ಕೆ ಮುಂಚೆ ‘ಈ ಫೋನು ಯಾರದು?’ ಎಂಬ ಮೂರು ಪದಗಳ ಪ್ರಶ್ನೆಯನ್ನು ಕೇಳಿದರೆ ಸಾಕು, ಎಷ್ಟೋ ಅನರ್ಥ ತಪ್ಪುತ್ತದೆ.

ದಾಖಲೆಗಳನ್ನೆಲ್ಲ ಯಂತ್ರಕ್ಕೇ ಒಪ್ಪಿಸಿ ನಿಶ್ಚಿಂತರಾಗುವಂತೆಯೂ ಇಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್‌ನ ಗಣಕಜಾಲದ ಮೇಲೆ ದುಷ್ಕರ್ಮಿಗಳು ದಾಳಿ ಮಾಡಿದಾಗ ದೇಶದ ಆ ಹಿರಿಯ ಆಸ್ಪತ್ರೆ ದಿನಗಟ್ಟಲೆ ಕೈಬರಹದ ಚೀಟಿಗಳಿಂದ ನಡೆಯಿತು. ಮುಖ್ಯ ವರದಿಗಳ ಕಾಗದದ ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿರಿ. ವಿಚಿತ್ರವೆಂದರೆ, ನಮ್ಮ ದಾಖಲೆ ಊರಿಗೆಲ್ಲ ಸುಲಭವಾಗಿ ಸಿಗುತ್ತದೆ, ನಮಗೆ ಮಾತ್ರ ಆಸ್ಪತ್ರೆಯವರು ನಾಳೆ ಬಾ ಎನ್ನುತ್ತಾರೆ. ರೋಗಿಯೋ ಆತನ ಪರವಾಗಿ ಅಧಿಕೃತರೋ ಕೇಳಿದರೆ ವೈದ್ಯಕೀಯ ದಾಖಲೆಯನ್ನು 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯರ ವೃತ್ತಿನಡತೆಯ 2002ರ ನಿಯಮಗಳು ಹೇಳುತ್ತವೆ. ಇದನ್ನು ತಿಳಿದು ಕೇಳುವವರು ವಿರಳ.

ಅಂಗಡಿ, ಆ್ಯಪ್, ಸರ್ಕಾರಗಳನ್ನು ದೂರಿದ ಮೇಲೆ ನಮ್ಮ ಕಡೆಗೂ ಒಮ್ಮೆ ನೋಡಿಕೊಳ್ಳಬೇಕು. ಮೂಗಿಗೆ ನಳಿಕೆ ಹಾಕಿಕೊಂಡು ತೀವ್ರ ನಿಗಾ ಘಟಕದಲ್ಲಿ ಮಲಗಿದ ಹಿರಿಯರ ಚಿತ್ರವನ್ನು ‘ಬೇಗ ಗುಣಮುಖರಾಗಲಿ’ ಎಂಬ ಒಕ್ಕಣೆಯೊಡನೆ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕುವವರು ಯಾರು? ಚಿಕ್ಕಮ್ಮನ ಗಡ್ಡೆಯ ವರದಿಯನ್ನು ನೂರೈವತ್ತು ಜನರ ಕುಟುಂಬ ಗುಂಪಿಗೆ ಏರಿಸಿ ‘ಯಾರಿಗಾದರೂ ಒಳ್ಳೆಯ ಡಾಕ್ಟರು ಗೊತ್ತೇ?’ ಎಂದು ಕೇಳುವವರು ಯಾರು? ಪ್ರೀತಿಯಿಂದಲೇ ಮಾಡುತ್ತೇವೆ. ಆದರೆ ಚಿಕ್ಕಮ್ಮನನ್ನು ಕೇಳಿರುವುದಿಲ್ಲ. ನನ್ನ ಶಸ್ತ್ರಚಿಕಿತ್ಸೆಯ ಸುದ್ದಿಯೂ ನಾನು ಕಣ್ಣು ತೆರೆಯುವ ಮೊದಲೇ ಮೂರು ಗುಂಪುಗಳಲ್ಲಿ ತಿರುಗಿತ್ತು. ಕಳುಹಿಸಿದವನು ನನ್ನ ಅಳಿಯ, ಅವನೂ ವೈದ್ಯನೇ.

ಕಳೆದ ವಾರ ನನ್ನ ರಕ್ತದೊತ್ತಡದ ಮಾತ್ರೆಗೆ ಅಂಗಡಿಗೆ ಹೋಗಿದ್ದೆ. ಕಟ್ಟೆಯ ಹಿಂದಿನ ತರುಣ ತಲೆಯೆತ್ತದೆ ಸಂಖ್ಯೆ ಕೇಳಿದ. ಕೊಡುವುದಿಲ್ಲ ಎಂದೆ. ‘ನಂಬರ್ ಇಲ್ಲದ ಬಿಲ್ ಆಗಂಗಿಲ್ರಿ, ಅಜ್ಜಾರ’ ಎಂದ. ಆಗುತ್ತದೆ, ಮಾಡಿ ನೋಡಪ್ಪಾ ಎಂದು ಕಾದು ನಿಂತೆ. ಹಿಂದೆ ನಾಲ್ಕು ಜನ ನಿಂತಿದ್ದರು, ಒಬ್ಬರು ಗೊಣಗಿದರು. ಅವನು ಒಳಗಿನಿಂದ ಮಾಲೀಕರನ್ನು ಕರೆದ. ಅವರು ಬಂದು ನನ್ನ ಮುಖ ನೋಡಿ, ಸುಮ್ಮನೆ ಹತ್ತು ಸಲ ಸೊನ್ನೆಯನ್ನು ಒತ್ತಿದರು. ಬಿಲ್ಲು ಬಂದಿತು. ಹನ್ನೊಂದು ರೂಪಾಯಿಯ ರಿಯಾಯಿತಿ ಸಿಗಲಿಲ್ಲ. ನನ್ನ ಹಿಂದೆ ನಿಂತಿದ್ದ ಹೆಣ್ಣುಮಗಳು ತನ್ನ ಚೀಟಿಯನ್ನು ಮಡಿಚಿ ಕೊಡುತ್ತ, ‘ನನಗೂ ಹಂಗ ಮಾಡ್ರಿ’ ಎಂದಳು.