ಕಾಯಿಲ್ ಹಾಕ್ಸಿದ್ರೆ ಪಿಕಪ್ ಬರಲ್ಲ, ಕೇಳಿ

(1/3)
ಹೌದು, ಫೋಟೋದಲ್ಲಿರೋ ಕೆಂಪು ಕಾಯಿಲ್ ನಂದೇ. 6,500 ರೂಪಾಯಿ. ಕಾಫಿ ಕೊಯ್ಲಲ್ಲಿ ಮಾವನ ತೋಟದ ಲೆಕ್ಕ ಬರೆದು ಸಂಪಾದಿಸಿದ ದುಡ್ಡು. 'ಪಿಕಪ್ ಡಬಲ್' ಅಂತ ಒಂದು ರೀಲ್ ನೋಡಿ ತರಿಸ್ಕೊಂಡೆ. ಬಿಕಾಂ ಓದೋನು ನಾನು, ನಾಚಿಕೆ ಆಗ್ಬೇಕು.

ಕಾರು ಮಾವನ 97ರ ಎಸ್ಟೀಮ್. ನಗ್ಬೇಡಿ. ಗದ್ದೆಯಲ್ಲಿ ಆಟೋಕ್ರಾಸ್ ನೋಡಿದವರಿಗೆ ಗೊತ್ತು, ಕೊಡಗಲ್ಲಿ ನಮ್ಮಂಥವರ ಸ್ಪೋರ್ಟ್ಸ್ ಕಾರ್ ಅದೇ.

ಜುಲೈ ತಿಂಗಳು. ಸಂಪಾಜೆ ಘಾಟಿ, ಮಂಜು, ಹಿಂದೆ ಲಾರಿ. ತಿರುವಲ್ಲೇ ಇಂಜಿನ್ ಮಿಸ್ ಹೊಡೆದು ಆಫ್ ಆಯ್ತು. ಪಕ್ಕದಲ್ಲಿ ತಂಗಿ ಕೂತಿದ್ಲು. ಅದಕ್ಕೇ ಇದನ್ನ ಬರೀತಿರೋದು.

(2/3)
ಕಾಯಿಲ್ ಕೆಲಸ ಇಷ್ಟೇ: ಬ್ಯಾಟರಿಯ 12 ವೋಲ್ಟನ್ನ ಸಾವಿರಗಟ್ಟಲೆ ವೋಲ್ಟ್ ಮಾಡಿ ಪ್ಲಗ್‌ಗೆ ಕಳಿಸೋದು. ಡಬ್ಬಿ ಮೇಲೆ 40,000 ವೋಲ್ಟ್ ಅಂತ ಬರೆದಿರ್ತಾರೆ. ಆದ್ರೆ ನಿಮ್ಮ ಪ್ಲಗ್ಗಿನ ಗ್ಯಾಪ್ ದಾಟೋಕೆ 12,000 ಸಾಕು ಅಂದ್ರೆ, ಅಷ್ಟಕ್ಕೆ ಏರಿದ ಕೂಡ್ಲೇ ಕಿಡಿ ಹಾರಿಬಿಡುತ್ತೆ. ವೋಲ್ಟೇಜ್ ಇನ್ನು ಮೇಲೆ ಏರೋದೇ ಇಲ್ಲ. ಪೆಟ್ರೋಲ್ ಸರಿಯಾಗಿ ಹೊತ್ಕೊಳ್ತಾ ಇರೋ ಇಂಜಿನ್‌ಗೆ ದೊಡ್ಡ ಕಿಡಿ ಕೊಟ್ಟು ಏನು ಸಿಗುತ್ತೆ? ಹೊತ್ತಿದ ಒಲೆಗೆ ಇನ್ನೊಂದು ಬೆಂಕಿಕಡ್ಡಿ ಗೀರಿದ ಹಾಗೆ.

ಇನ್ನು ನಮ್ಮೂರ ಮಳೆ. ಹಳೇ ಕಾರಿನ ಡಿಸ್ಟ್ರಿಬ್ಯೂಟರ್ ಕ್ಯಾಪಲ್ಲಿ ಕೂದಲೆಳೆಯಷ್ಟು ಬಿರುಕು ಇರುತ್ತೆ, ಪ್ಲಗ್ ವೈರ್ ಒಣಗಿ ಸೀಳಿರುತ್ತೆ. ಮಂಜಿನ ತೇವ ಕೂತ್ರೆ ಕರೆಂಟ್‌ಗೆ ಪ್ಲಗ್‌ಗಿಂತ ಅದೇ ಸಲೀಸು ದಾರಿ. ಅಲ್ಲೇ ಸೋರಿಹೋಗುತ್ತೆ. ನಮ್ಮ ಮೆಕ್ಯಾನಿಕ್ ಅಣ್ಣ ರಾತ್ರಿ ಅಂಗಳದಲ್ಲಿ ಲೈಟ್ ಆರಿಸಿ, ಇಂಜಿನ್ ಆನ್ ಮಾಡಿ ಬಾನೆಟ್ ಎತ್ತಿದ್ರು. ವೈರ್ ಉದ್ದಕ್ಕೂ ನೀಲಿ ಕಿಡಿ, ದೀಪಾವಳಿ ಥರ! (ನೋಡಿ, ಮುಟ್ಬೇಡಿ. ಜೋರು ಶಾಕ್ ಹೊಡೆಯುತ್ತೆ.) ರೋಗ ವೈರಲ್ಲಿತ್ತು, ನಾನು ಔಷಧಿ ಕಾಯಿಲ್‌ಗೆ ಹಾಕಿದ್ದೆ.

(3/3)
ಇನ್ನೊಂದು ಅಪಾಯ ಯಾವ ರೀಲಲ್ಲೂ ಹೇಳಲ್ಲ. ಹಳೇ ಕಾಯಿಲ್ 1.5 ಓಮ್ ಅಂತ ಇಟ್ಕೊಳ್ಳಿ. 12 ವೋಲ್ಟ್‌ಗೆ ಹೆಚ್ಚಂದ್ರೆ 8 ಆಂಪ್. ಹೊಸದು 0.5 ಓಮ್ ಆದ್ರೆ ಲೆಕ್ಕ 24ಕ್ಕೆ ಹೋಯ್ತು. ಅದನ್ನ ಆನ್-ಆಫ್ ಮಾಡೋ ಇಗ್ನೈಟರ್ ಕಾದು ಸುಟ್ಟುಹೋಗಬಹುದು. ಮಲ್ಟಿಮೀಟರ್ ಇಟ್ಟು ನೋಡದೆ ಕಾಯಿಲ್ ಮಾರೋರ ಹತ್ರ ಹೋಗ್ಲೇಬೇಡಿ.

'ರ‍್ಯಾಲಿಯವ್ರು ಹಾಕ್ತಾರಲ್ಲ ಗುರು?' ಹಾಕ್ತಾರೆ. ಅವ್ರು ಕಂಪ್ರೆಶನ್ ಏರಿಸಿರ್ತಾರೆ, ಆರ್‌ಪಿಎಂ ಏರಿಸಿರ್ತಾರೆ. ಅಲ್ಲಿ ಕಿಡಿ ಹಾರೋದೇ ಕಷ್ಟ, ಕಾಯಿಲ್ ಬೇಕು. ನಿಮ್ದು ಕಾಲೇಜ್‌ಗೆ ಹೋಗೋ ಸ್ಟಾಕ್ ಇಂಜಿನ್.

ನಾಲ್ಕು ಪ್ಲಗ್, ವೈರ್ ಸೆಟ್, ಕ್ಯಾಪ್, ರೋಟರ್ ಬದಲಾಯಿಸಿದ್ವಿ. ಕಾಯಿಲ್‌ಗೆ ಕೊಟ್ಟಿದ್ದರ ಅರ್ಧನೂ ಆಗ್ಲಿಲ್ಲ. ಕಂಪನಿ ಕಾಯಿಲನ್ನೇ ವಾಪಸ್ ಕೂರಿಸಿ ಆಗಸ್ಟ್ ಪೂರ್ತಿ ಘಾಟಿ ಹತ್ತಿ ಇಳಿದೆ, ಒಂದ್ಸಲನೂ ನಿಲ್ಲಲಿಲ್ಲ.

ಆ ಕೆಂಪು ಕಾಯಿಲ್ ಸೆಕೆಂಡ್ ಹ್ಯಾಂಡ್ ಕೊಡ್ತೀಯಾ ಅಂತ ಆಗ್ಲೇ ಮೂರು ಜನ ಡಿಎಂ ಮಾಡಿದ್ದೀರಿ. ಕೊಡಲ್ಲ. ಮೊದ್ಲು ನಿಮ್ಮ ಪ್ಲಗ್ ವೈರ್ ಫೋಟೋ ಕಳ್ಸಿ.