ಹಾಡಿದ್ದೇ ಹಾಡುವ ದಾಳಿಗಾರರು

ನಮ್ಮ ಸಂಘದ ವಾರ್ಷಿಕ ಕ್ರೀಡೋತ್ಸವ ಮುಗಿದು ತಿಂಗಳಾಗುತ್ತ ಬಂತು. ಹಗ್ಗಜಗ್ಗಾಟದಲ್ಲಿ ಮಹಿಳಾ ವಿಭಾಗದವರು ಗೆದ್ದ ಸಂತೋಷ ಇನ್ನೂ ಆರಿಲ್ಲ. ಆದರೆ ಕಬಡ್ಡಿಯ ಮಾತು ಬಂದರೆ ಸಾಕು, ಎಲ್ಲರೂ ಚಹಾದ ಲೋಟದೊಳಗೆ ನೋಡತೊಡಗುತ್ತಾರೆ. ಸತತ ಮೂರನೆಯ ವರ್ಷ ನಮ್ಮ ತಂಡ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಬಂದಿದೆ.

ಸೋಲು ದೊಡ್ಡ ಮಾತಲ್ಲ. ಆಟವೆಂದ ಮೇಲೆ ಯಾರಾದರೂ ಸೋಲಲೇಬೇಕು. ನನ್ನನ್ನು ಲೇಖನಿ ಹಿಡಿಯುವಂತೆ ಮಾಡಿದ್ದು ಸೋಲಿಗೆ ನಮ್ಮ ಕ್ರೀಡಾ ಸಮಿತಿ ಕೊಟ್ಟ ಮೂರು ಕಾರಣಗಳು ಮತ್ತು ಅದು ಮುಂದಿಟ್ಟ ಪರಿಹಾರ. ಕಾರಣ ಒಂದು: ನಮ್ಮ ಹುಡುಗರು ಮಣ್ಣಿನಲ್ಲಿ ಆಡಿದವರು, ಮ್ಯಾಟ್ ಅವರಿಗೆ ಹೊಸದು. ಎರಡು: ಎದುರಾಳಿಗಳ ತೂಕ ಹೆಚ್ಚು. ಮೂರು: ಅಂಪಾಯರ್ ನಮ್ಮ ಕಡೆ ನೋಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಪರಿಹಾರವೇನೆಂದರೆ, ಮುಂದಿನ ವರ್ಷ ಹಣ ಕೊಟ್ಟು ಹೊರಗಿನ ಇಬ್ಬರು ದಾಳಿಗಾರರನ್ನು ತರುವುದು. ಅದು ಆಗದಿದ್ದರೆ ಕಬಡ್ಡಿಯನ್ನೇ ಕೈಬಿಟ್ಟು ಬಾಕ್ಸ್ ಕ್ರಿಕೆಟ್ ಇಡುವುದು. ಈ ಎರಡನ್ನೂ ನಾನು ವಿರೋಧಿಸುತ್ತೇನೆ. ಏಕೆ ಎಂಬುದನ್ನು ಸವಿಸ್ತಾರವಾಗಿ ಹೇಳುವೆ.

ಆ ದಿನ ನಾನು ಅಂಕಣದ ಮಗ್ಗುಲಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಹಳೆಯ ಅಭ್ಯಾಸದಂತೆ ಆಮಂತ್ರಣ ಪತ್ರಿಕೆಯ ಬೆನ್ನಿಗೆ ಗೀಟು ಹಾಕುತ್ತಾ ಹೋದೆ. ನಮ್ಮ ಮುಖ್ಯ ದಾಳಿಗಾರ ಹೋದದ್ದು 14 ದಾಳಿ. ಅವುಗಳಲ್ಲಿ 11 ಒಂದೇ ಅಚ್ಚಿನವು: ತನ್ನ ಎಡಗಡೆಯಿಂದ ಒಳಹೊಕ್ಕು, ಬಾಕ್ ಲೈನ್ ದಾಟಿ, ಬಲಕ್ಕೆ ಓಡುತ್ತಾ ಎದುರಾಳಿಯ ಎಡಮೂಲೆಯವನತ್ತ ಬಲಗೈ ಚಾಚುವುದು. ಮೊದಲೆರಡು ಸಲ ಅಂಕ ಬಂತು. ಮೂರನೆಯ ಸಲ ಮೂಲೆಯವನು ಅರ್ಧ ಹೆಜ್ಜೆ ಹಿಂದೆ ಸರಿದ. ಕೈ ಗಾಳಿಗೆ ಹೋಯಿತು. ನಾಲ್ಕನೆಯ ಸಲ ಆ ಬದಿಯ ಕವರ್ ಆಟಗಾರ ಮರಳುವ ದಾರಿಯಲ್ಲಿ ಮೊದಲೇ ಬಂದು ನಿಂತಿದ್ದ. ಅಲ್ಲಿಂದ ಮುಂದೆ ನಡೆದದ್ದು ಆಟವಲ್ಲ, ಸ್ಟೇಷನ್ನಿನಲ್ಲಿ ನಿಂತು 8-10ರ ಲೋಕಲ್ಲಿಗೆ ಕಾಯುವ ಕೆಲಸ. ಗಾಡಿ ಬರುವ ಹೊತ್ತೂ ಗೊತ್ತು, ನಿಲ್ಲುವ ಪ್ಲಾಟ್‌ಫಾರ್ಮೂ ಗೊತ್ತು.

ಆಟ ಮುಗಿದ ಮೇಲೆ ಆ ಹುಡುಗನನ್ನು ಹತ್ತಿರ ಕರೆದು ಕೇಳಿದೆ: "ಪ್ರತಿ ಸಲ ಅದೇ ದಾರಿಯಲ್ಲಿ ಯಾಕೆ ಹೋದೆ ಮಾರಾಯಾ?"

"ಮೊದಲೆರಡು ಸಲ ಅಲ್ಲೇ ಸಿಕ್ಕಿತಲ್ಲ ಮಾಮ?" ಎಂದ.

ಈ ಒಂದು ಮಾತಿನಲ್ಲಿ ನಮ್ಮ ಮೂರು ವರ್ಷದ ಸೋಲು ಅಡಗಿದೆ. ಮ್ಯಾಟ್ ಅಲ್ಲ, ತೂಕವಲ್ಲ, ಅಂಪಾಯರ್ ಅಲ್ಲವೇ ಅಲ್ಲ. ಹಾಡಿದ್ದೇ ಹಾಡುವ ಕಿಸುಬಾಯಿ ದಾಸನಾದರೆ ಕೇಳುವವರು ಎದ್ದು ಹೋಗುತ್ತಾರೆ, ಅಷ್ಟೆ. ಕಬಡ್ಡಿಯಲ್ಲಿ ಹಾಡಿದ್ದೇ ಹಾಡಿದರೆ ಕೇಳುವವರು ಕಾಲು ಹಿಡಿದು ಕೆಡವುತ್ತಾರೆ.

ಕಬಡ್ಡಿ ಬಲ್ಲವರು ಕ್ಷಮಿಸಬೇಕು. ಉಳಿದವರಿಗಾಗಿ ಸ್ವಲ್ಪ ವಿವರ ಕೊಡಬೇಕಾಗಿದೆ. ಪುರುಷರ ಅಂಕಣದ ಉದ್ದ 13 ಮೀಟರ್, ಅಗಲ 10 ಮೀಟರ್. ನಡುಗೆರೆಯಿಂದ 3.75 ಮೀಟರ್ ದೂರದಲ್ಲಿ ಬಾಕ್ ಲೈನ್, ಅದರಿಂದ 1 ಮೀಟರ್ ಆಚೆ ಬೋನಸ್ ಗೆರೆ. ದಾಳಿಗೆ 30 ಸೆಕೆಂಡು. ಎದುರಿಗೆ ಏಳು ಮಂದಿ. ಒಬ್ಬನು ಏಳು ಜನರನ್ನು ಬಲದಿಂದ ಗೆಲ್ಲುವುದು ಭೀಮನಿಗೂ ಕಷ್ಟ. ಹಾಗಾದರೆ ದಾಳಿಗಾರನ ಆಯುಧ ಯಾವುದು? ಎದುರಾಳಿಯ ಅನುಮಾನ. "ಇವನು ಈಗ ಏನು ಮಾಡುತ್ತಾನೆ?" ಎಂದು ಏಳು ಜನ ಯೋಚಿಸುವ ಆ ಅರೆಕ್ಷಣವೇ ಅವನ ಬಂಡವಾಳ. ಅನುಮಾನವಿಲ್ಲದ ಕಡೆ ಯೋಚನೆಯಿಲ್ಲ, ಯೋಚನೆಯಿಲ್ಲದ ಕಡೆ ತಡವಿಲ್ಲ. ತಡ ಮಾಡದ ಮೂಲೆಯವನ ಕೈಗೆ ಕಣಕಾಲು ಸಿಗದೆ ಹೋಗುವುದಿಲ್ಲ.

ಒಳಹೋಗುವ ಬಗೆಯನ್ನು ಬದಲಿಸಿದರೆ ಏನಾಗುತ್ತದೆ ನೋಡಿ. ಬೋನಸ್ ಗೆರೆಯತ್ತ ಕಾಲು ಚಾಚುವ ಬೆದರಿಕೆ ಹಾಕಿದರೆ ಮೂಲೆಯವನು ಆ ಕಾಲು ಹಿಡಿಯಲು ಮುಂದೆ ಬಗ್ಗಲೇಬೇಕು. ಬಗ್ಗಿದವನ ತಲೆ, ಬೆನ್ನು ಕೈಗೆ ಸಿಗುತ್ತವೆ. ಕೈ ಬರುತ್ತದೆಂದು ಅವನು ಹಿಂದೆ ಸರಿದರೆ ಬೋನಸ್ ಸಲೀಸು. ಕೈಗೆ ಹೆದರಿ ಎದೆ ಹಿಂದೆಳೆದವನ ಪಾದ ಮುಂದೆ ಉಳಿಯುತ್ತದೆ. ಅದಕ್ಕೆ ಕಾಲ್ಬೆರಳಿನ ಸ್ಪರ್ಶ ಸಾಕು. ಮರಳುವಾಗ ಬೆನ್ನಟ್ಟಿ ಬಂದವನಿಗೆ ಹಿಂಗಾಲಿನ ಒದೆತ. ಯಾರೂ ಮುಂದೆ ಬರದಿದ್ದರೆ ಬಾಕ್ ಲೈನ್ ದಾಟಿ ಬರಿಗೈಯಲ್ಲಿ ಮರಳುವುದೂ ಒಂದು ದಾರಿಯೇ. ಆದರೆ ಈಗಿನ ನಿಯಮದಂತೆ ಎರಡು ದಾಳಿ ಬರಿದಾದರೆ ಮೂರನೆಯದು ಮಾಡು ಇಲ್ಲವೆ ಮಡಿ. ಅಲ್ಲಿ ಅಂಕ ತಾರದವನು ಹೊರಗೆ ಕುಳಿತುಕೊಳ್ಳಬೇಕು. ಎದುರಿಗೆ ಆರು ಅಥವಾ ಏಳು ಜನ ಇದ್ದಾಗ ಮಾತ್ರ ಬೋನಸ್ ಉಂಟು. ಮೂರು ಜನ ಉಳಿದಾಗ ಸಿಕ್ಕಿಬಿದ್ದರೆ ಎದುರಾಳಿಗೆ ಒಂದು ಅಂಕ ಹೆಚ್ಚು. ಅಂದರೆ ಅಂಕಣದಲ್ಲಿರುವ ತಲೆಗಳ ಎಣಿಕೆ ಬದಲಾದಂತೆ ಒಳಹೋಗುವ ಬಗೆಯೂ ಬದಲಾಗಬೇಕೆಂದು ನಿಯಮ ಪುಸ್ತಕವೇ ಹೇಳುತ್ತಿದೆ. ನಾವು ಮಾತ್ರ ಏಳು ಜನರಿರಲಿ, ಇಬ್ಬರಿರಲಿ, ಅದೇ ಎಡದಿಂದ ಬಲಕ್ಕೆ!

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಬದಲಾವಣೆ ಎಂದರೆ ಹತ್ತು ಕಸರತ್ತು ಕಲಿತು ಒಂದೊಂದು ಸಲ ಒಂದೊಂದನ್ನು ಪ್ರದರ್ಶಿಸುವುದಲ್ಲ. ಅದು ಸರ್ಕಸ್. ನಿಜವಾದ ಜಾಣತನ ಮೊದಲ ಮೂರು ಹೆಜ್ಜೆಯನ್ನು ಒಂದೇ ರೀತಿ ಇಟ್ಟು ನಾಲ್ಕನೆಯದನ್ನು ಬೇರೆಯಾಗಿಡುವುದರಲ್ಲಿದೆ. ಬಾಕ್ ಲೈನಿನ ತನಕ ಒಂದೇ ದಾರಿ, ಅಲ್ಲಿಂದ ನಾಲ್ಕು ಕವಲು. ಯಾವ ಕವಲು ಎಂಬುದು ಕಾಲೆತ್ತುವವರೆಗೆ ಯಾರಿಗೂ ತಿಳಿಯಬಾರದು. ಹೊತ್ತಿನ ಮಾತೂ ಹಾಗೆಯೇ. ಯಾವಾಗಲೂ ಕೊನೆಯ ಐದು ಸೆಕೆಂಡಿನಲ್ಲಿ ಎರಗುವವನು ಎದುರಾಳಿಗೆ ಮೊದಲ ಇಪ್ಪತ್ತೈದು ಸೆಕೆಂಡು ವಿಶ್ರಾಂತಿ ಕೊಟ್ಟಂತೆ.

ಇನ್ನು ನನ್ನನ್ನು ವಿರೋಧಿಸುವವರ ಮಾತಿಗೆ ಬರೋಣ. ಸಂಘದ ಹಿರಿಯರೊಬ್ಬರು, ನನಗೂ ಗುರುಸಮಾನರು, ಹೇಳುವುದುಂಟು: "ಒಂದು ಅಸ್ತ್ರ ಸಾಕು, ಅದು ಬ್ರಹ್ಮಾಸ್ತ್ರವಾಗಿರಬೇಕು." ಹುಡುಗರು ಇದಕ್ಕೆ ಪರ್ದೀಪ್ ನರ್ವಾಲರ 'ಡುಬ್ಕಿ'ಯ ಸಾಕ್ಷಿ ಕೊಡುತ್ತಾರೆ. ಸರಪಳಿಯಾಗಿ ನಿಂತವರ ತೋಳಿನಡಿಯಲ್ಲಿ ಮುಳುಗಿ ಪಾರಾಗುವ ಆ ಮನುಷ್ಯ 2017ರ ಪ್ರೊ ಕಬಡ್ಡಿ ಒಂದರಲ್ಲೇ 369 ದಾಳಿ ಅಂಕ ಗಳಿಸಿದ್ದು ಸುಳ್ಳಲ್ಲ. ಆದರೆ ಡುಬ್ಕಿ ಹಾಕಬೇಕಾದರೆ ಎದುರಾಳಿ ಮುಂದೆ ಬಂದು ಅಡ್ಡಗಟ್ಟಬೇಕಲ್ಲ? ಕೈ ತಾಗಿಸಿಕೊಂಡು ಹೋಗುತ್ತಾನೆಂಬ ಭಯದಿಂದಲೇ ತಾನೆ ಅವರು ಅಡ್ಡ ಬಂದದ್ದು? ಮೊದಲ ಅಸ್ತ್ರದ ಭಯವಿಲ್ಲದೆ ಎರಡನೆಯದಕ್ಕೆ ಬೆಲೆಯಿಲ್ಲ. ಮುಂದಿನ ವರ್ಷಗಳಲ್ಲಿ ರಕ್ಷಕರು ಆ ಮುಳುಗನ್ನು ಓದಲು ಕಲಿತರು; 369ರ ಎತ್ತರವನ್ನು ಅವರೇ ಮತ್ತೆ ಮುಟ್ಟಲಿಲ್ಲ. ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎನ್ನುವುದೇ ಈ ಆಟದ ಧರ್ಮ. ಅಂಥವರ ಗತಿಯೇ ಹೀಗಾದರೆ ವಾರಕ್ಕೊಮ್ಮೆ ಅಭ್ಯಾಸ ಮಾಡುವ ನಮ್ಮ ಹುಡುಗರ ಪಾಡೇನು?

ಇನ್ನೂ ದೊಡ್ಡ ಸಾಕ್ಷಿ ಬೇಕಾದರೆ ಜಕಾರ್ತಾವನ್ನು ನೆನೆಯಿರಿ. 1990ರಿಂದ 2014ರವರೆಗೆ ಏಳು ಏಷ್ಯಾಡ್‌ಗಳಲ್ಲೂ ಪುರುಷರ ಚಿನ್ನ ನಮ್ಮದೇ ಆಗಿತ್ತು. 2018ರಲ್ಲಿ ಗುಂಪಿನ ಆಟದಲ್ಲಿ ಕೊರಿಯಾ 24-23ರಿಂದ, ಸೆಮಿಫೈನಲ್ಲಿನಲ್ಲಿ ಇರಾನ್ 27-18ರಿಂದ ನಮ್ಮನ್ನು ಸೋಲಿಸಿದವು. ಇರಾನಿನ ಎಡಮೂಲೆಯ ಫಜಲ್ ಅತ್ರಾಚಲಿ ಯಾರು? 2015ರಲ್ಲಿ ನಮ್ಮ ಮುಂಬಯಿಯ ತಂಡವೇ ಪ್ರೊ ಕಬಡ್ಡಿ ಗೆದ್ದಾಗ ಅದರಲ್ಲಿ ಆಡಿದವರು. ವರ್ಲಿಯಲ್ಲಿ ನಾವೇ ಚಪ್ಪಾಳೆ ತಟ್ಟಿದ ಮನುಷ್ಯ. ನಮ್ಮ ದಾಳಿಗಾರರ ಒಂದೊಂದು ಹೆಜ್ಜೆಯನ್ನೂ ಪಕ್ಕದಲ್ಲಿ ನಿಂತು ಕಂಡವರಿಗೆ ಹಳೆಯ ಹೆಜ್ಜೆಯನ್ನೇ ತೋರಿಸಿದರೆ ಫಲ ಬೇರೆ ಆದೀತೆ? ಇದು ನನ್ನ ಅಭಿಪ್ರಾಯ. ಒಪ್ಪದವರು ಬರೆಯಲಿ, ಸಂಪಾದಕರು ಪ್ರಕಟಿಸುತ್ತಾರೆ.

ಒಳ್ಳೆಯ ಉದಾಹರಣೆಗಳಿಗೂ ಬರವಿಲ್ಲ. 2019ರ ಜನವರಿ 5ರಂದು ಇದೇ ಮುಂಬಯಿಯಲ್ಲಿ ಬೆಂಗಳೂರು ಬುಲ್ಸ್ ಅರ್ಧ ಆಟಕ್ಕೆ ಹಿಂದಿದ್ದು, ಕೊನೆಗೆ ಗುಜರಾತನ್ನು 38-33ರಿಂದ ಸೋಲಿಸಿತು. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಅವರ ಆಟ ಕಂಡವರಿಗೆ ಗೊತ್ತು: ಒಮ್ಮೆ ಓಡುತ್ತಾ ಕೈ, ಒಮ್ಮೆ ಬೋನಸ್, ಒಮ್ಮೆ ತಲೆಯ ಮೇಲಿಂದ ಜಿಗಿತ. ನಮ್ಮ ನಡುವೆಯೇ ಬೆಳೆದ ಮುಂಬಯಿಯ ರಿಶಾಂಕ್ ದೇವಾಡಿಗರು 2017ರಲ್ಲಿ ಒಂದೇ ಪಂದ್ಯದಲ್ಲಿ 28 ದಾಳಿ ಅಂಕ ಗಳಿಸಿದರು. 'ಮಾಡು ಇಲ್ಲವೆ ಮಡಿ' ದಾಳಿಗೆ ಅವರನ್ನು ನಂಬಿ ಕಳಿಸುತ್ತಿದ್ದರು. ಬಂದೇ ಬರುತ್ತಾನೆ ಎಂದು ಏಳು ಜನ ಕಾದು ಕುಳಿತಿರುವ ದಾಳಿ ಅದು; ಅಲ್ಲಿ ಹೋಗಿ ಅಂಕ ತರಬೇಕಾದರೆ ತಲೆ ಬೇಕೋ ತೂಕ ಬೇಕೋ, ನೀವೇ ಹೇಳಿ.

ಎರಡನೆಯ ಆಕ್ಷೇಪ: "ಇದೆಲ್ಲ ಮೋಸದಾಟ, ಗಂಡಸಾದವನು ನೇರವಾಗಿ ನುಗ್ಗಬೇಕು." ಇದನ್ನು ಹೇಳುವವರು ರಾತ್ರಿಯಿಡೀ ತಾಳಮದ್ದಳೆ ಕೇಳಿ ತಲೆದೂಗಿದವರು ಎಂಬುದೇ ನನಗೆ ಆಶ್ಚರ್ಯ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಲು ಜನ ಮುಗಿಬೀಳುತ್ತಿದ್ದುದು ಏಕೆ? ಪ್ರಸಂಗ ಅದೇ, ಪದ್ಯ ಅದೇ, ಪಾತ್ರ ಅದೇ. ಆದರೆ ಎದುರು ಕುಳಿತ ಅರ್ಥಧಾರಿ ಬೇರೆಯಾದರೆ ಮಾತಿನ ದಾರಿ ಬೇರೆಯಾಗುತ್ತಿತ್ತು. ನಿನ್ನೆ ಗದರಿದ ಪಾತ್ರ ಇಂದು ನಕ್ಕು ಕೆಣಕುತ್ತಿತ್ತು. ಅದನ್ನು ನಾವು ಮೋಸ ಎನ್ನಲಿಲ್ಲ, ಪ್ರತಿಭೆ ಎಂದೆವು. ವೇದಿಕೆಯ ಮೇಲೆ ಪ್ರತಿಭೆಯಾದದ್ದು ಮ್ಯಾಟಿನ ಮೇಲೆ ಕಪಟವಾಗುವುದು ಹೇಗೆ?

ಮೂರನೆಯ ಆಕ್ಷೇಪ ನಿಜಕ್ಕೂ ಭಾರವಾದದ್ದು: "ಹುಡುಗರಿಗೆ ಸಮಯವೆಲ್ಲಿದೆ?" ಒಪ್ಪುತ್ತೇನೆ. ಒಬ್ಬನು ವಿರಾರದಿಂದ ಬರಬೇಕು, ಒಬ್ಬನು ಡೊಂಬಿವಲಿಯಿಂದ. ನಮ್ಮ ಮುಖ್ಯ ದಾಳಿಗಾರ ಬೆಳಿಗ್ಗೆ ಐದಕ್ಕೆ ಕ್ಯಾಂಟೀನಿನ ಬಾಗಿಲು ತೆರೆಯುವವನು. ಆದರೆ ತೂಕ ಬೆಳೆಸಲು ಎರಡು ವರ್ಷ ಬೇಕು, ಯೋಚಿಸಲು ಕಲಿಸಲು ನಾಲ್ಕು ಭಾನುವಾರ ಸಾಕು. ಸಮಯವಿಲ್ಲದವರಿಗೇ ಈ ದಾರಿ ಹೆಚ್ಚು ಲಾಭದ್ದು.

ಇಷ್ಟು ಖಾರವಾಗಿ ಬರೆಯಲು ನನಗೆ ಸ್ವಂತ ಕಾರಣವೂ ಇದೆ. 1979ರಲ್ಲಿ ನನಗೆ 21 ವರ್ಷ. ಹಗಲು ಹೋಟೆಲಿನ ಗಲ್ಲಾ, ಸಂಜೆ ಪರೇಲಿನ ಗಿರಣಿ ಹುಡುಗರ ಜೊತೆ ಹುತುತು. ನನ್ನದೂ ಒಂದೇ ಒಂದು ಪಟ್ಟು: ಎಡಮೂಲೆಗೆ ನೇರ ನುಗ್ಗಿ ಕಾಲು ಬೀಸುವುದು. ಅದಕ್ಕೇ ಹೆಸರು ಮಾಡಿದ್ದೆ. ಹೆಸರು ಎಂದರೆ ಎದುರಾಳಿಗೆ ಮುಂಚಿತವಾಗಿ ಕಳಿಸಿದ ಕಾಗದವೆಂದು ಆಗ ಗೊತ್ತಿರಲಿಲ್ಲ. ಒಂದು ಸಂಜೆ ಇಬ್ಬರು ಆ ಕಾಲಿಗಾಗಿಯೇ ಕಾದಿದ್ದರು. ಒಬ್ಬ ಕಣಕಾಲು ಹಿಡಿದ, ಇನ್ನೊಬ್ಬ ತೊಡೆಯ ಮೇಲೆ ಬಿದ್ದ. ಅವರ ತಪ್ಪೇನೂ ಇಲ್ಲ, ನಿಯಮದಂತೆಯೇ ಹಿಡಿದರು. ಆ ಮೊಣಕಾಲು ಇಂದಿಗೂ ದಾದರಿನ ಸೇತುವೆ ಹತ್ತುವಾಗ ನನಗೆ ಆ ಸಂಜೆಯನ್ನು ನೆನಪಿಸುತ್ತದೆ. ಎದುರಾಳಿ ಕಾದು ಕುಳಿತ ಜಾಗಕ್ಕೇ ಹೋಗುವವನು ಅಂಕ ಮಾತ್ರವಲ್ಲ, ಕಾಲನ್ನೂ ಕಳೆದುಕೊಳ್ಳುತ್ತಾನೆ. ಮೊನ್ನೆ ನಮ್ಮ ಹುಡುಗ ಹನ್ನೊಂದನೆಯ ಬಾರಿ ಆ ಮೂಲೆಗೆ ಓಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತದ್ದು ಅಂಕಕ್ಕಾಗಿ ಅಲ್ಲ.

ಆದ್ದರಿಂದ ಸಮಿತಿಗೆ ನನ್ನ ಸಲಹೆ. ಒಂದು: ಪ್ರತಿ ಪಂದ್ಯದಲ್ಲೂ ಒಬ್ಬರು ನೋಟ್‌ಬುಕ್ ಹಿಡಿದು ನಮ್ಮ ದಾಳಿಗಾರ ಯಾವ ಬದಿಯಿಂದ ಹೋದ, ಏನು ಮಾಡಿದ, ಎಷ್ಟನೆಯ ಸೆಕೆಂಡಿನಲ್ಲಿ ಎರಗಿದ ಎಂದು ಬರೆಯಲಿ, ವಿರಾಮದಲ್ಲಿ ಅವನಿಗೇ ತೋರಿಸಲಿ. ಎರಡು: ಅಭ್ಯಾಸದಲ್ಲಿ ಒಂದೇ ಮುಗಿತಾಯ ಸತತ ಎರಡು ಸಲ ಕೂಡದು. ಮೂರು: ದಾಳಿಗಾರ ಬಾಕ್ ಲೈನ್ ಮುಟ್ಟುತ್ತಲೇ ರಕ್ಷಕರು 'ಕೈ', 'ಕಾಲು', 'ಬೋನಸ್' ಎಂದು ಕೂಗಿ ಊಹಿಸಲಿ, ಊಹೆ ಸರಿಯಾದರೆ ದಾಳಿಗಾರ ಔಟ್. ನಾಲ್ಕು: ಹೊರಗಿನವರಿಗೆ ಕೊಡಲು ತೆಗೆದಿಟ್ಟ ಹಣದಲ್ಲಿ ನಾಲ್ಕು ಭಾನುವಾರ ಮ್ಯಾಟ್ ಬಾಡಿಗೆಗೆ ಹಿಡಿಯಿರಿ. ಮಣ್ಣು, ಮ್ಯಾಟ್ ಎಂಬ ನೆಪಕ್ಕೂ ಅಲ್ಲಿಗೆ ಮಂಗಳ ಹಾಡಿದಂತಾಗುತ್ತದೆ.

ಹಣ ಕೊಟ್ಟು ತಂದ ದಾಳಿಗಾರ ಕಪ್ ಗೆದ್ದುಕೊಟ್ಟಾನು. ಆದರೆ ಮಾರನೆಯ ದಿನ ಅವನು ಬೇರೊಂದು ಸಂಘದ ಜೆರ್ಸಿ ತೊಟ್ಟಿರುತ್ತಾನೆ. ಕಪಾಟಿನಲ್ಲಿ ಕಪ್ ಉಳಿಯುತ್ತದೆ, ಕ್ಯಾಂಟೀನಿನ ಹುಡುಗ ಉಳಿಯುವುದಿಲ್ಲ. ಭಾನುವಾರ ಒಂದು ದಿನವಾದರೂ ಅವನಿಗೆ ಕನ್ನಡದಲ್ಲಿ ಹೆಸರು ಹಿಡಿದು ಕೂಗುವ ಜನ ಸಿಗುತ್ತಾರೆಂದು ಅವನು ನಮ್ಮಲ್ಲಿಗೆ ಬರುತ್ತಾನೆ. ಅವನನ್ನು ಬೆಂಚಿನ ಮೇಲೆ ಕೂರಿಸಿ ನಾವು ಯಾವ ಸಂಘವನ್ನು ಗೆಲ್ಲಿಸುತ್ತೇವೆ?

ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿದೆ. ಸಮಿತಿಯ ಮಿತ್ರರು ನನ್ನ ಮೇಲೆ ಮುನಿಯದೆ, ಆ ಹುಡುಗನಿಗೆ ಒಂದು ವರ್ಷ, ನಾಲ್ಕು ಭಾನುವಾರ, ಒಂದು ನೋಟ್‌ಬುಕ್ ಕೊಟ್ಟು ನೋಡಲಿ. ಆಮೇಲೂ ಅವನು ಎಡದಿಂದ ಬಲಕ್ಕೇ ಓಡಿದರೆ ಬಾಕ್ಸ್ ಕ್ರಿಕೆಟ್ಟಿನ ಮೊದಲ ಚಂದಾ ನನ್ನದು.